ಕಿಡಿ ಹಾರದ ಸುತ್ತಿಗೆ

(ಕಲಿಕಾ ಕೇಂದ್ರಗಳ ಕಲಿಯುವವರ ಕೂಟದಲ್ಲಿ ಸಂಯೋಜಕರು ಆಡಿದ ಮಾತು)



ನೀವು ಈಗ ಓದು ಕಲಿತಿದ್ದೀರಿ. ಮೊದಲನೆಯ ಪುಸ್ತಕ ಮುಗಿಸಿದ್ದೀರಿ. ಎರಡನೆಯದು ಕೈಯಲ್ಲಿದೆ. ಇವತ್ತಿನ ಮಾತು ಆ ಪುಸ್ತಕದಲ್ಲಿ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಇದೆ, ನಿಮ್ಮ ಓಣಿಯಲ್ಲಿ ಇದೆ. ಇವತ್ತು ನಾವು ಮೂರು ವಸ್ತುಗಳ ಬಗ್ಗೆ ಮಾತಾಡೋಣ. ಒಂದು ಕಬ್ಬಿಣ. ಇನ್ನೊಂದು ಹಿತ್ತಾಳೆ. ಮೂರನೆಯದು ಪಟಾಕಿ ಮದ್ದು.

ಇವು ಮೂರಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ಐತಿ. ಕೇಳ್ರಿ.

ನಮ್ಮ ಊರು, ನಮ್ಮ ಕೈಕಸುಬು

ಆದೋನಿ, ಆಲೂರು, ಹೊಳಗುಂದ, ಹಾಲಹರವಿ, ಕೌತಾಳ, ಕೋಸಿಗಿ. ಇವು ನಮ್ಮ ಊರುಗಳು. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ದಿನ ಆಂಧ್ರ ರಾಜ್ಯ ಆಯಿತು. ನಮ್ಮ ತಾಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾಯಿತು. ಮನೆಮಾತು ಬದಲಾಗಲಿಲ್ಲ. ಕೈಕಸುಬೂ ಬದಲಾಗಲಿಲ್ಲ.

ನಮ್ಮದು ಹತ್ತಿ ಬೆಳೆಯುವ ನಾಡು. ಆದೋನಿಯ ಹತ್ತಿ ಮಾರುಕಟ್ಟೆ ದೂರದ ಊರಿನವರಿಗೂ ಗೊತ್ತು. ಹತ್ತಿ ಇದ್ದಲ್ಲಿ ಜಿನ್ನಿಂಗ್ ಮಿಲ್ಲು ಇರುತ್ತದೆ. ಮಿಲ್ಲು ಇದ್ದಲ್ಲಿ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ ಇರುತ್ತವೆ. ಹಳ್ಳಿಯಲ್ಲಿ ಕಮ್ಮಾರರ ಕುಲುಮೆ ಇರುತ್ತದೆ. ಕುಡುಗೋಲು, ಕೊಡಲಿ, ಕುಂಟೆಯ ತಾಳು, ಕೂರಿಗೆಯ ಕುಳ, ಎಲ್ಲವೂ ಅಲ್ಲೇ ಆಗುತ್ತವೆ. ನಿಮ್ಮಲ್ಲಿ ಕೆಲವರ ಮಕ್ಕಳು ಇಂಥ ಅಂಗಡಿಗಳಲ್ಲಿ ಕೆಲಸ ಮಾಡುತ್ತಾರೆ. ಕೈಯಲ್ಲಿ ಕೆಲಸ ಇರುವ ಹುಡುಗ ಸುಮ್ಮನೆ ಕೂರುವುದಿಲ್ಲ. ತನಗೆ ಬೇಕಾದ ಸಾಮಾನು ತಾನೇ ಮಾಡಿಕೊಳ್ಳುತ್ತಾನೆ. ಇದು ಒಳ್ಳೆಯ ಗುಣ. ಆದರೆ ದೀಪಾವಳಿ ಬಂತು, ಜಾತ್ರೆ ಬಂತು ಅಂದ್ರೆ ಅದೇ ಕೈ ಬೇರೆ ಕಡೆ ಓಡುತ್ತದೆ. ಪಟಾಕಿ ಸಿಡಿಸುವ ಕೋಲು ಮಾಡೋಣ, ಪೈಪಿನ ಬಂದೂಕು ಮಾಡೋಣ, ಮದ್ದು ನಾವೇ ಕುಟ್ಟೋಣ ಅನ್ನಿಸುತ್ತದೆ. ಇವತ್ತಿನ ಮಾತು ಅದಕ್ಕೇ.

ಕಿಡಿ ಅಂದ್ರೆ ಏನು?

ಬೆಂಕಿಪೊಟ್ಟಣ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಬೆಂಕಿ ಹೇಗೆ ಮಾಡುತ್ತಿದ್ದರು? ಚಕಮಕಿ ಕಲ್ಲು ಇತ್ತು. ಉಕ್ಕಿನ ತುಂಡಿನಿಂದ ಆ ಕಲ್ಲಿಗೆ ಹೊಡೆಯುತ್ತಿದ್ದರು. ಕಿಡಿ ಹಾರಿ ಹತ್ತಿಯ ಮೇಲೆ ಬೀಳುತ್ತಿತ್ತು. ಹತ್ತಿ ಹೊತ್ತಿಕೊಳ್ಳುತ್ತಿತ್ತು.

ಆ ಕಿಡಿ ಕಲ್ಲಿನದು ಅಂತ ನಾವು ತಿಳಿಯುತ್ತೇವೆ. ಅಲ್ಲ. ಅದು ಉಕ್ಕಿನದು. ಗಟ್ಟಿ ಕಲ್ಲು ಉಕ್ಕಿನಿಂದ ಪುಡಿಯಷ್ಟು ಸಣ್ಣ ಚೂರನ್ನು ಕೆರೆದು ತೆಗೆಯುತ್ತದೆ. ಕೆರೆದ ರಭಸಕ್ಕೆ ಆ ಚೂರು ಬಿಸಿ ಆಗುತ್ತದೆ. ಗಾಳಿ ತಗಲಿದ ಕೂಡಲೇ ಆ ಕಬ್ಬಿಣದ ಚೂರೇ ಉರಿಯುತ್ತದೆ. ಹೌದು, ಕಬ್ಬಿಣ ಉರಿಯುತ್ತದೆ. ಸಣ್ಣ ಪುಡಿಯಾದರೆ ಉರಿಯುತ್ತದೆ. ಅದರ ಬಿಸಿ 1000 ಡಿಗ್ರಿಯನ್ನೂ ಮೀರುತ್ತದೆ. ಗ್ರೈಂಡರ್‌ಗೆ ಕಬ್ಬಿಣ ಹಿಡಿದಾಗ ಹಾರುವ ಕಿಡಿಯ ಮಳೆ ನೋಡಿದ್ದೀರಲ್ಲ? ಅದೂ ಇದೇ.

ಒಂದು ಕಿಡಿ ಕೈಮೇಲೆ ಬಿದ್ದರೆ ಚುರುಕ್ ಅನ್ನುತ್ತದೆ, ಅಷ್ಟೇ. ಹತ್ತಿಯ ಮೇಲೆ ಬಿದ್ದರೆ ಮಿಲ್ಲು ಸುಡುತ್ತದೆ. ಮದ್ದಿನ ಮೇಲೆ ಬಿದ್ದರೆ ಮನೆ ಹಾರಿಹೋಗುತ್ತದೆ. ಕಿಡಿ ಎಷ್ಟು ದೊಡ್ಡದು ಅನ್ನುವುದು ಮುಖ್ಯ ಅಲ್ಲ. ಎಲ್ಲಿ ಬಿತ್ತು ಅನ್ನುವುದು ಮುಖ್ಯ.

ಹಾವೇರಿ ಹತ್ತಿರ ಆಲದಕಟ್ಟಿ ಅಂತ ಒಂದು ಊರು. ಅಲ್ಲಿ ಒಂದು ಪಟಾಕಿ ಗೋದಾಮು ಇತ್ತು. 2023ರ ಆಗಸ್ಟ್ 29ರಂದು ಅಲ್ಲಿ ವೆಲ್ಡಿಂಗ್ ಕೆಲಸ ನಡೆದಿತ್ತು. ವೆಲ್ಡಿಂಗ್ ಕಿಡಿ ಒಳಗಿನ ಪಟಾಕಿಗೆ ತಾಕಿತು. ನಾಲ್ವರು ಕೆಲಸಗಾರರು ಸುಟ್ಟು ಸತ್ತರು. ವೆಲ್ಡಿಂಗ್ ತಪ್ಪಲ್ಲ, ಅದು ಕಸುಬು. ಗೋದಾಮಿನಲ್ಲಿ ಪಟಾಕಿ ಇಡುವುದೂ ವ್ಯಾಪಾರ. ಎರಡೂ ಒಂದೇ ಕಡೆ ಸೇರಬಾರದಿತ್ತು.

ಕಬ್ಬಿಣ ಮತ್ತು ಮದ್ದಿನ ಹಳೆಯ ಕಥೆ

ಕಬ್ಬಿಣ ಮತ್ತು ಮದ್ದು ನಮ್ಮ ಕನ್ನಡ ನಾಡಿನಲ್ಲಿ ಇವತ್ತು ಸೇರಿದ್ದಲ್ಲ. ಇದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ.

1786ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನಮ್ಮ ಆದೋನಿ ಕೋಟೆಗೆ ಮುತ್ತಿಗೆ ಹಾಕಿತು. ಆಗ ಊರಿಗೆ ಆದವಾನಿ ಅಂತ ಹೆಸರು. ಹೈದರಾಲಿಯ ಕಾಲದಿಂದಲೂ ಮೈಸೂರು ಸೈನ್ಯದಲ್ಲಿ ರಾಕೆಟ್ ಹಾರಿಸುವ ದಳ ಇತ್ತು. ರಾಕೆಟ್ ಅಂದ್ರೆ ನಮ್ಮ ಬಾಣಬಿರುಸು. ಬೇರೆ ಕಡೆ ಬಾಣಬಿರುಸಿನ ಕೊಳವೆಯನ್ನು ಬಿದಿರಿನಿಂದಲೋ ಕಾಗದದಿಂದಲೋ ಮಾಡುತ್ತಿದ್ದರು. ಮೈಸೂರಿನ ಕಮ್ಮಾರರು ಕಬ್ಬಿಣದ ತಗಡು ಸುತ್ತಿ ಕೊಳವೆ ಮಾಡಿದರು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ. ಬೇಗ ಒಡೆಯುವುದಿಲ್ಲ. ಹಾಗಾಗಿ ಬಾಣ ದೂರ ಹೋಗುತ್ತಿತ್ತು. ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು.

ಬೆಂಗಳೂರಿನಲ್ಲಿ ತಾರಾಮಂಡಲಪೇಟೆ ಅಂತ ಒಂದು ಜಾಗ ಇದೆ. ಆ ಹೆಸರಿಗೂ ಈ ಬಾಣಬಿರುಸಿಗೂ ನಂಟು ಇದೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಳೆಯ ಬಾವಿಯ ಹೂಳು ತೆಗೆದರು. ಅದರಲ್ಲಿ 1000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕವು. ತುಕ್ಕು ಹಿಡಿದಿದ್ದವು, ಆದರೆ ಆಕಾರ ಹಾಗೇ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಇಂಥ ರಾಕೆಟ್‌ಗಳನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಕಾಂಗ್ರೀವ್ ಎಂಬಾತ ಅವನ್ನು ನೋಡಿ ತನ್ನ ರಾಕೆಟ್ ಮಾಡಿದ.

ಇದನ್ನು ಯಾಕೆ ಹೇಳಿದೆ? ಎರಡು ಕಾರಣ. ಒಂದು, ಓದು ಬಾರದ ಕಮ್ಮಾರನ ಕೈ ಲೋಕಕ್ಕೇ ಪಾಠ ಹೇಳಿದೆ. ನಮ್ಮ ಕಸುಬು ಕೀಳಲ್ಲ. ಎರಡು, ಆ ಕಬ್ಬಿಣದ ಕೊಳವೆ ಆಟದ ಸಾಮಾನಲ್ಲ. ಅದು ಯುದ್ಧದ ಆಯುಧ. ಕಾಗದದ ಪಟಾಕಿ ಒಡೆದರೆ ಕಾಗದ ಹಾರುತ್ತದೆ. ಕಬ್ಬಿಣದ ಪೈಪು ಒಡೆದರೆ ಕಬ್ಬಿಣದ ಚೂರು ಹಾರುತ್ತದೆ. ಅದು ಯಾರ ಎದೆಗೆ ಹೋಗುತ್ತದೋ ಗೊತ್ತಿಲ್ಲ. ಜಾತ್ರೆಯಲ್ಲಿ ಮಕ್ಕಳು ಕೈಗೂಸುಗಳು ಇರುತ್ತವೆ. ನೆನಪಿಡ್ರಿ.

ಯಾವ ಲೋಹ ಯಾವ ಕೆಲಸಕ್ಕೆ?

ಮದ್ದಿನ ಕಾರ್ಖಾನೆಯಲ್ಲಿ ಕಬ್ಬಿಣದ ಸುತ್ತಿಗೆ, ಕಬ್ಬಿಣದ ಸೌಟು, ಕಬ್ಬಿಣದ ಉಳಿ ಬಳಸುವುದಿಲ್ಲ. ಇದು ಹಳೆಯ ನಿಯಮ. ಇಂಗ್ಲೆಂಡಿನಲ್ಲಿ 1875ರ ಸ್ಫೋಟಕ ಕಾಯ್ದೆಯಲ್ಲೇ ಹೀಗೆ ಬರೆದಿದ್ದರು: ಒಳಗೆ ಬಳಸುವ ಉಪಕರಣ ಮರದ್ದು, ತಾಮ್ರದ್ದು, ಹಿತ್ತಾಳೆಯದ್ದು ಅಥವಾ ಮೆತ್ತನೆಯ ಲೋಹದ್ದು ಇರಬೇಕು. ಕಲ್ಲುಗಣಿಯಲ್ಲೂ ಹಾಗೇ. ತೂತಿನೊಳಗೆ ಮದ್ದನ್ನು ಮರದ ಕೋಲಿನಿಂದ ದೂಡಬೇಕು. ಕಬ್ಬಿಣದ ಹಾರೆಯಿಂದ ದೂಡಬಾರದು.

ಹಿತ್ತಾಳೆ ಯಾಕೆ? ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತುವಿನ ಬೆರಕೆ. ಅದು ಉಕ್ಕಿಗಿಂತ ಮೆತ್ತಗೆ. ಕಲ್ಲಿಗೆ ಬಡಿದರೆ ತಾನೇ ನೆಗ್ಗುತ್ತದೆ. ಚೂರು ಹಾರಿದರೂ ಅದು ಕಬ್ಬಿಣದ ಚೂರಿನಂತೆ ಉರಿಯುವುದಿಲ್ಲ. ಬಿಸಿಯೂ ಬೇಗ ಹರಡಿ ಹೋಗುತ್ತದೆ. ತಾಮ್ರ, ಕಂಚು ಕೂಡ ಹೀಗೇ.

ಹಾಗಾದರೆ ಅಲ್ಯೂಮಿನಿಯಂ? ಅದೂ ಮೆತ್ತಗೆ ಅಲ್ವಾ ಅಂತ ಕೇಳಬಹುದು. ಇಲ್ಲಿ ಎಚ್ಚರ ಬೇಕು. ಅಲ್ಯೂಮಿನಿಯಂ ತುಕ್ಕು ಹಿಡಿದ ಕಬ್ಬಿಣಕ್ಕೆ ಜೋರಾಗಿ ಬಡಿದರೆ ಬಹಳ ಬಿಸಿಯಾದ ಕಿಡಿ ಹಾರುತ್ತದೆ. ತುಕ್ಕು ಮತ್ತು ಅಲ್ಯೂಮಿನಿಯಂ ಪುಡಿ ಸೇರಿದರೆ ಬೆಂಕಿಗೆ ಬೆಂಕಿ ಸೇರಿದಂತೆ. ಆದ್ದರಿಂದ ಪೆಟ್ರೋಲ್, ಗ್ಯಾಸ್ ಇದ್ದ ಕಡೆ ಅಲ್ಯೂಮಿನಿಯಂ ಸುತ್ತಿಗೆ ಬೇಡ. ಲೇತ್ ಅಂಗಡಿಯವರೂ ಇದನ್ನು ತಿಳಿದಿರಬೇಕು. ಕಬ್ಬಿಣ ಉಜ್ಜುವ ಗ್ರೈಂಡರ್‌ನಲ್ಲೇ ಅಲ್ಯೂಮಿನಿಯಂ ಉಜ್ಜಬಾರದು. ಎರಡರ ಪುಡಿಯೂ ಒಂದೇ ಕಡೆ ಗುಡ್ಡೆ ಬೀಳಬಾರದು.

ಒಂದು ಸುತ್ತಿಗೆ ಮಾಡೋಣ

ಈಗ ಕೆಲಸದ ಮಾತು. ಲೇತ್ ಮಿಷನ್ ಮೇಲೆ ಒಂದು ಹಿತ್ತಾಳೆ ಸುತ್ತಿಗೆ ಮಾಡುವುದು ಹೇಗೆ? ಇದು ಪಟಾಕಿ ಮಾಡಲಿಕ್ಕೆ ಅಲ್ಲ. ಮಿಲ್ಲಿನಲ್ಲಿ, ಪೆಟ್ರೋಲ್ ಟ್ಯಾಂಕಿನ ಕೆಲಸದಲ್ಲಿ, ಬೇರಿಂಗ್ ಕೂರಿಸುವಾಗ ಬೇಕಾಗುವ ಸುತ್ತಿಗೆ.

ಬೇಕಾದದ್ದು: 32 ಮಿಲಿಮೀಟರ್ ದಪ್ಪದ ದುಂಡು ಹಿತ್ತಾಳೆ ಸರಳು. ಉದ್ದ 80 ಮಿಲಿಮೀಟರ್. ಹಿಡಿಕೆಗೆ ಒಣಗಿದ ಜಾಲಿ ಕಟ್ಟಿಗೆ.

ಮೊದಲನೆಯ ಹೆಜ್ಜೆ. ಸರಳನ್ನು ಚಕ್‌ಗೆ ಬಿಗಿಯಬೇಕು. ಬಿಗಿದ ಮೇಲೆ ಚಕ್ ಕೀಲಿಯನ್ನು ಕೂಡಲೇ ತೆಗೆಯಬೇಕು. ಕೀಲಿ ಬಿಟ್ಟು ಮಿಷನ್ ಚಾಲೂ ಮಾಡಿದರೆ ಅದು ಗುಂಡಿನಂತೆ ಹಾರುತ್ತದೆ.

ಎರಡನೆಯ ಹೆಜ್ಜೆ. ಮಿಷನ್ ನಿಮಿಷಕ್ಕೆ ಸುಮಾರು 600 ಸುತ್ತು ತಿರುಗಲಿ. ಹಿತ್ತಾಳೆಗೆ ಕೊಯ್ಯುವ ಟೂಲಿನ ಮೇಲ್ಮುಖ ಚಪ್ಪಟೆ ಇರಬೇಕು. ಕಬ್ಬಿಣಕ್ಕೆ ಹಿಡಿಯುವ ಟೂಲಿನಂತೆ ಹಿಂದಕ್ಕೆ ಇಳಿಜಾರು ಇದ್ದರೆ ಅದು ಹಿತ್ತಾಳೆಯಲ್ಲಿ ಕಚ್ಚಿಕೊಂಡು ಒಳಗೆ ನುಗ್ಗುತ್ತದೆ. ಮೊದಲು ಎರಡೂ ತುದಿಗಳನ್ನು ಸಮ ಮಾಡಬೇಕು. ಆಗ ಉದ್ದ 75 ಮಿಲಿಮೀಟರ್ ಉಳಿಯುತ್ತದೆ.

ಮೂರನೆಯ ಹೆಜ್ಜೆ. ಎರಡೂ ಅಂಚುಗಳನ್ನು ಸ್ವಲ್ಪ ಓರೆ ಮಾಡಬೇಕು. ಚೂಪು ಅಂಚು ಬಿಟ್ಟರೆ ಪೆಟ್ಟಿಗೆ ಬಿರಿದು ಚೂರು ಹಾರುತ್ತದೆ.

ನಾಲ್ಕನೆಯ ಹೆಜ್ಜೆ. ನಡುವೆ ಅಡ್ಡಲಾಗಿ 14 ಮಿಲಿಮೀಟರ್ ತೂತು ಕೊರೆಯಬೇಕು. ಇದನ್ನು ಡ್ರಿಲ್ ಮಿಷನ್ ಮೇಲೆ, ತುಂಡನ್ನು ವೈಸ್‌ನಲ್ಲಿ ಹಿಡಿದೇ ಮಾಡಬೇಕು. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಹಿತ್ತಾಳೆಯಲ್ಲಿ ಡ್ರಿಲ್ ಕಚ್ಚಿಕೊಳ್ಳುವುದು ಜಾಸ್ತಿ. ಕೈಯಲ್ಲಿ ಹಿಡಿದರೆ ತುಂಡು ತಿರುಗಿ ಬೆರಳು ಮುರಿಯುತ್ತದೆ.

ಐದನೆಯ ಹೆಜ್ಜೆ. ಜಾಲಿ ಹಿಡಿಕೆಯನ್ನು ಬಿಗಿಯಾಗಿ ಕೂರಿಸಿ, ತುದಿ ಸೀಳಿ, ಮರದ ಬೆಣೆ ಹೊಡೆಯಬೇಕು.

ಇದರ ತೂಕ ಎಷ್ಟಾದೀತು? ಹಿತ್ತಾಳೆಯ ಒಂದು ಘನ ಸೆಂಟಿಮೀಟರ್ ತುಂಡು ಸುಮಾರು ಎಂಟೂವರೆ ಗ್ರಾಂ ತೂಗುತ್ತದೆ. ನಮ್ಮ ತುಂಡು ಸುಮಾರು 60 ಘನ ಸೆಂಟಿಮೀಟರ್. 60ನ್ನು ಎಂಟೂವರೆಯಿಂದ ಗುಣಿಸಿದರೆ 510 ಗ್ರಾಂ. ತೂತಿನದು ಕಳೆದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ನೋಡ್ರಿ, ನೀವು ಕಲಿತ ಗುಣಾಕಾರ ಇಲ್ಲಿ ಬಂತು. ಹಿತ್ತಾಳೆ ತೂಕದ ಲೆಕ್ಕದಲ್ಲಿ ಮಾರುವ ಮಾಲು. ಲೆಕ್ಕ ಬಂದರೆ ಅಂಗಡಿಯವನು ಹೇಳಿದ್ದು ಸರಿಯೋ ತಪ್ಪೋ ನೀವೇ ಹೇಳಬಹುದು.

ಲೇತ್ ಮುಂದೆ ನಿಲ್ಲುವಾಗ ಸಡಿಲ ಅಂಗಿ ತೋಳು, ಟವೆಲ್ಲು, ಸೆರಗು, ಜಡೆ, ಬಳೆ, ದಾರ ಯಾವುದೂ ತೂಗಾಡಬಾರದು. ಕೈಗೆ ಗವಸು ಬೇಡ. ತಿರುಗುವ ಚಕ್ ಗವಸನ್ನೂ ಕೈಯನ್ನೂ ಸೇರಿಸಿ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಿತ್ತಾಳೆ ಚೂರು ಸೂಜಿಯಂತೆ ಹಾರುತ್ತದೆ. ಬಿದ್ದ ಚೂರನ್ನು ಬ್ರಷ್‌ನಿಂದ ಗುಡಿಸಬೇಕು, ಕೈಯಿಂದ ಅಲ್ಲ.

ಸುತ್ತಿಗೆ ಆದ ಮೇಲೆ ಇನ್ನೊಂದು ಮಾತು. ಇದನ್ನು ಕಬ್ಬಿಣದ ಸುತ್ತಿಗೆಗಳ ರಾಶಿಯಲ್ಲಿ ಎಸೆಯಬೇಡ್ರಿ. ಹಿತ್ತಾಳೆ ಮೆತ್ತಗೆ. ಕಬ್ಬಿಣದ ಚೂರು ಅದರ ಮುಖದಲ್ಲಿ ಚುಚ್ಚಿಕೊಂಡು ಕೂರುತ್ತದೆ. ಆಮೇಲೆ ನೋಡಲಿಕ್ಕೆ ಹಿತ್ತಾಳೆ, ಕೆಲಸದಲ್ಲಿ ಕಬ್ಬಿಣ. ಕಿಡಿ ಹಾರುತ್ತದೆ. ಆಗಾಗ ಮುಖವನ್ನು ಅರದಿಂದ ಉಜ್ಜಿ ಶುದ್ಧ ಮಾಡಬೇಕು. ಬೇರೆ ಮೊಳೆಗೆ ನೇತು ಹಾಕಬೇಕು.

ಹಿತ್ತಾಳೆ ಮಾಡಲಾರದ ಕೆಲಸ

ಇಲ್ಲಿಗೆ ಬಂದಾಗ ಯಾರಾದರೂ ಹೀಗೆ ಹೇಳಬಹುದು: “ಹಂಗಾದ್ರೆ ಸರಿ ಆತಲ್ಲ ಸರ್. ಹಿತ್ತಾಳೆ ಸಾಮಾನು ಮಾಡ್ಕೊಂಡು ಮನ್ಯಾಗೇ ಪಟಾಕಿ ಮಾಡ್ಬೋದಲ್ಲ?”

ಇಲ್ಲ. ಇದೇ ಇವತ್ತಿನ ಮಾತಿನ ತಿರುಳು. ಗಮನ ಕೊಟ್ಟು ಕೇಳ್ರಿ.

ಹಿತ್ತಾಳೆ ಕಿಡಿಯನ್ನು ತಡೆಯುತ್ತದೆ. ಪೆಟ್ಟನ್ನು ತಡೆಯುವುದಿಲ್ಲ. ಉಜ್ಜುವಿಕೆಯನ್ನು ತಡೆಯುವುದಿಲ್ಲ. ಕೆಲವು ಮದ್ದಿಗೆ ಕಿಡಿಯೇ ಬೇಕಿಲ್ಲ. ತಿಕ್ಕಿದರೆ ಸಾಕು, ಬಿದ್ದರೆ ಸಾಕು. ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿ ಉಜ್ಜಿಕೊಂಡಾಗ ಚಟಚಟ ಅನ್ನುತ್ತದಲ್ಲ, ಅಷ್ಟು ವಿದ್ಯುತ್ತೂ ಕೆಲವು ಮದ್ದಿಗೆ ಸಾಕು.

2024ರ ಅಕ್ಟೋಬರ್ 31, ದೀಪಾವಳಿ ದಿನ. ನಮ್ಮ ರಾಜ್ಯದ ಏಲೂರು ಪಟ್ಟಣ. ಇಬ್ಬರು ಸ್ಕೂಟರಿನಲ್ಲಿ ಈರುಳ್ಳಿ ಬಾಂಬುಗಳ ಚೀಲ ಇಟ್ಟುಕೊಂಡು ಹೋಗುತ್ತಿದ್ದರು. ಗಾಡಿ ಗುಂಡಿಗೆ ಬಿತ್ತು. ಚೀಲ ಕುಲುಕಿತು. ಅಷ್ಟಕ್ಕೇ ಸಿಡಿಯಿತು. ಒಬ್ಬ ಅಲ್ಲೇ ಸತ್ತ. ಹಲವರಿಗೆ ಗಾಯ ಆಯಿತು. ಅಲ್ಲಿ ಯಾರೂ ಬೆಂಕಿ ಹಚ್ಚಿರಲಿಲ್ಲ. ಯಾರೂ ಸುತ್ತಿಗೆಯಿಂದ ಹೊಡೆದಿರಲಿಲ್ಲ. ರಸ್ತೆಯ ಗುಂಡಿಯೇ ಸುತ್ತಿಗೆ ಆಯಿತು.

ಗಂಧಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್ ಬೆರಕೆ ಇಂಥದ್ದೇ. ಅದಕ್ಕೇ ಭಾರತ ಸರ್ಕಾರ 1992ರಲ್ಲಿ ಪಟಾಕಿಯಲ್ಲಿ ಆ ಬೆರಕೆಯನ್ನು ನಿಷೇಧ ಮಾಡಿತು. ಹಳ್ಳಿಯಲ್ಲಿ ಇದಕ್ಕೆ ಬರೀ ‘ಪೊಟ್ಯಾಷ್’ ಅನ್ನುತ್ತಾರೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಬೇರೆ. ಹೆಸರು ಒಂದೇ ಆದರೂ ವಸ್ತು ಬೇರೆ. ಹಬ್ಬದಲ್ಲಿ ಹುಡುಗರು ಕಬ್ಬಿಣದ ಕೋಲಿನ ತುದಿಗೆ ಮದ್ದು ತುಂಬಿ ನೆಲಕ್ಕೆ ಕುಟ್ಟುತ್ತಾರಲ್ಲ, ಆ ಆಟದಲ್ಲಿ ಇದೇ ಮದ್ದು. ನಟ್ಟು ಬೋಲ್ಟಿನಲ್ಲಿ ತುಂಬುವುದೂ ಅದೇ ಜಾತಿಯ ಆಟ. ಮದ್ದು ಸಿಡಿದಾಗ ಕಬ್ಬಿಣ ಎಲ್ಲಿ ಬಿರಿಯುತ್ತದೆ, ಯಾವ ಕಡೆ ಹಾರುತ್ತದೆ, ಮಾಡಿದವನಿಗೂ ಗೊತ್ತಿರುವುದಿಲ್ಲ.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಏನಾಯಿತು ಗೊತ್ತೇ? ಪೈಪಿನಿಂದ ಮಾಡಿದ ಕಾರ್ಬೈಡ್ ಬಂದೂಕು ಸಂತೆಯಲ್ಲಿ ಅಗ್ಗಕ್ಕೆ ಮಾರಾಟ ಆಯಿತು. ಭೋಪಾಲ್ ಮತ್ತು ಸುತ್ತಲಿನ ಊರುಗಳಲ್ಲಿ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು. ಅವರಲ್ಲಿ ಬಹಳ ಮಂದಿ ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ಸಿಡಿಯಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡಿದಾಗ ಸಿಡಿಯಿತು. ಅದು ದೊಡ್ಡ ಕಾರ್ಖಾನೆಯ ಮಾಲಲ್ಲ. ಕೈಯಲ್ಲಿ ಮಾಡಿದ ಪೈಪು.

ಲೈಸೆನ್ಸ್ ಇದ್ದ ಕಡೆಯೂ ಅಪಾಯ ತಪ್ಪಿದ್ದಲ್ಲ. 2025ರ ಏಪ್ರಿಲ್ 13ರಂದು ಅನಕಾಪಲ್ಲಿ ಜಿಲ್ಲೆಯ ಕೈಲಾಸಪಟ್ಟಣದ ಪಟಾಕಿ ಘಟಕದಲ್ಲಿ ಎಂಟು ಮಂದಿ ಸತ್ತರು. ಕನ್ನಡಿಗರೂ ಇರುವ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ದೈವದ ಉತ್ಸವ ನಡೆದಿತ್ತು. ಸಿಡಿಸುವ ಜಾಗದ ಹತ್ತಿರವೇ ಪಟಾಕಿ ಕೂಡಿಟ್ಟಿದ್ದರು. ಒಂದು ಕಿಡಿ ಹೋಗಿ ಬಿತ್ತು. ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಜೀವ ಬಿಟ್ಟರು. ಕಸುಬು ಗೊತ್ತಿದ್ದವರ ನಡುವೆಯೇ ಹೀಗೆ ಆಗುತ್ತದೆ. ಮನೆಯ ಪಡಸಾಲೆಯಲ್ಲಿ, ಒಲೆ ಇರುವ ಮನೆಯಲ್ಲಿ, ಕೂಸು ಮಲಗಿರುವ ಮನೆಯಲ್ಲಿ ಮದ್ದು ಕುಟ್ಟಿದರೆ ಏನಾದೀತು? ನೀವೇ ಹೇಳ್ರಿ.

ಕಾಯ್ದೆ ಏನು ಹೇಳುತ್ತದೆ?

ಸ್ಫೋಟಕಗಳ ಕಾಯ್ದೆ 1884ರದು. ಅದರ ನಿಯಮಗಳು 2008ರವು. ಲೈಸೆನ್ಸ್ ಇಲ್ಲದೆ ಪಟಾಕಿ ಮಾಡುವುದು ಅಪರಾಧ. ಸ್ವಲ್ಪವೇ ಮಾಡುತ್ತೇನೆ, ಮಾರುವುದಿಲ್ಲ, ಹವ್ಯಾಸಕ್ಕೆ ಮಾಡುತ್ತೇನೆ ಅಂದರೂ ಬಿಡುವುದಿಲ್ಲ. ಒಮ್ಮೆಗೆ 15 ಕಿಲೋಗೆ ಮೀರದಂತೆ ಮಾಡುವ ಸಣ್ಣ ಘಟಕಕ್ಕೂ ಜಿಲ್ಲಾ ಮ್ಯಾಜಿಸ್ಟ್ರೇಟರ ಲೈಸೆನ್ಸ್ ಬೇಕು. ಅದಕ್ಕಿಂತ ಹೆಚ್ಚಿನದಕ್ಕೆ ಕೇಂದ್ರ ಸರ್ಕಾರದ ಸ್ಫೋಟಕ ಇಲಾಖೆಯ ಲೈಸೆನ್ಸ್ ಬೇಕು. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. ತಪ್ಪಿದರೆ ದಂಡ ಉಂಟು, ಜೈಲೂ ಉಂಟು.

ಲೇತ್ ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಹಬ್ಬದ ಮುಂದೆ ನಿಮ್ಮ ಹತ್ತಿರ ಹುಡುಗರು ಬರುತ್ತಾರೆ. ಮಾತು ಹೀಗೆ ನಡೆಯುತ್ತದೆ.

“ಅಣ್ಣಾ, ಈ ಪೈಪಿನ ಒಂದು ಕಡೆ ಬಾಯಿ ಮುಚ್ಚಿ ವೆಲ್ಡಿಂಗ್ ಮಾಡಿ ಕೊಡಣ್ಣ.”

“ಯಾಕ ತಮ್ಮಾ, ಏನು ಮಾಡ್ತೀ ಅದನ್ನ?”

“ಸುಮ್ನೆ ಅಣ್ಣಾ, ಹಬ್ಬಕ್ಕ.”

“ಹಬ್ಬಕ್ಕ ಬೇಕಾದ್ರೆ ದೀಪದ ಕಂಬ ಮಾಡಿ ಕೊಡ್ತೀನಿ. ಇದನ್ನ ಮಾಡಲ್ಲ. ನಿನ್ನ ಕಣ್ಣಿಗೆ ಬೆಲೆ ಕಟ್ಟೋಕೆ ನನ್ನ ಕೈಲಿ ಆಗಲ್ಲ.”

ಇಷ್ಟು ಹೇಳಿದರೆ ಸಾಕು. ನೂರು ರೂಪಾಯಿ ಕೆಲಸ ಹೋಗಬಹುದು. ಹೋಗಲಿ. ಆ ಹುಡುಗ ಇನ್ನೊಂದು ಅಂಗಡಿಗೆ ಹೋಗುತ್ತಾನೆ ಅಂತೀರಾ? ಊರಿನ ಎಲ್ಲ ಅಂಗಡಿಯವರೂ ಕೂಡಿ ಒಂದೇ ಮಾತು ಆಡಿದರೆ ಎಲ್ಲಿಗೆ ಹೋಗುತ್ತಾನೆ?

ನಮ್ಮ ಕೈಗೆ ಕೆಲಸ ಎಲ್ಲಿದೆ?

ಕಿಡಿ ಹಾರದ ಸಾಮಾನು ನಮ್ಮ ಸುತ್ತಲೇ ಬೇಕಾಗಿದೆ. ಜಿನ್ನಿಂಗ್ ಮಿಲ್ಲಿಗೆ ಬರುವ ಹತ್ತಿಯಲ್ಲಿ ಕೆಲವೊಮ್ಮೆ ಮೊಳೆ, ತಂತಿ, ಕುಡುಗೋಲಿನ ಮುರುಕು ಸೇರಿರುತ್ತದೆ. ಅದು ಮಿಷನ್ನಿನ ಉಕ್ಕಿಗೆ ಬಡಿದರೆ ಕಿಡಿ. ಕಿಡಿ ಬಿದ್ದರೆ ಹತ್ತಿ ಒಳಗೊಳಗೇ ಸುಡುತ್ತದೆ. ಹತ್ತಿ ಬಿಡಿಸುವ ಅಕ್ಕಂದಿರೇ, ಚೀಲಕ್ಕೆ ತುಂಬುವಾಗ ಲೋಹದ ತುಂಡು ಕಂಡರೆ ತೆಗೆದು ಹಾಕ್ರಿ. ಒಂದು ಮೊಳೆ ತೆಗೆದರೆ ಒಂದು ಮಿಲ್ಲು ಉಳಿಯಬಹುದು.

ಕಲ್ಲು ಕ್ವಾರಿಗಳಲ್ಲಿ ಬಹಳ ಜನ ಕೆಲಸ ಮಾಡುತ್ತಾರೆ. ಆಲೂರು ಮಂಡಲದ ಹತ್ತಿಬೆಳಗಲ್ ನಿಮಗೆಲ್ಲ ಗೊತ್ತು. 2018ರ ಆಗಸ್ಟ್ 3ರ ರಾತ್ರಿ ಅಲ್ಲಿನ ಕ್ವಾರಿಯಲ್ಲಿ ಸ್ಫೋಟಕ ಸಿಡಿಯಿತು. ಕನಿಷ್ಠ ಹತ್ತು ಮಂದಿ ಕೂಲಿಕಾರರು ಸತ್ತರು. ಒಡಿಶಾದಿಂದ ಹೊಟ್ಟೆಪಾಡಿಗೆ ಬಂದವರು ಅವರಲ್ಲಿದ್ದರು. ಕ್ವಾರಿಯಲ್ಲಿ ಮದ್ದಿನ ಕೆಲಸ ಪರವಾನಗಿ ಇದ್ದವರದ್ದು ಮಾತ್ರ. ಯಾರಾದರೂ ಕಬ್ಬಿಣದ ಹಾರೆಯಿಂದ ಮದ್ದು ದೂಡು ಅಂದರೆ ಆಗಲ್ಲ ಅನ್ನಲಿಕ್ಕೆ ನಿಮಗೆ ಹಕ್ಕಿದೆ.

ಹುಡುಗರಿಗೆ ಲೋಹದ ಕೆಲಸದ ಹುಚ್ಚು ಇದ್ದರೆ ಅದನ್ನು ಕೊಲ್ಲಬೇಡ್ರಿ. ದಾರಿ ತೋರಿಸ್ರಿ. ಹತ್ತನೆಯ ತರಗತಿ ಪಾಸಾದರೆ ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್, ಫಿಟ್ಟರ್ ಟ್ರೇಡ್ ಇವೆ. ಎರಡು ವರ್ಷದ ಕಲಿಕೆ. ಹುಡುಗಿಯರೂ ಸೇರಬಹುದು. ಪೈಪಿನ ಬಂದೂಕು ಮಾಡಬಲ್ಲ ಕೈ ಮೋಟಾರಿನ ಶಾಫ್ಟನ್ನೂ ಮಾಡಬಲ್ಲದು.

ಸುಟ್ಟರೆ ಏನು ಮಾಡಬೇಕು?

ಸುಟ್ಟ ಜಾಗದ ಮೇಲೆ ತಣ್ಣನೆಯ ಶುದ್ಧ ನೀರು ಬಿಡಬೇಕು. 20 ನಿಮಿಷ ಬಿಡಬೇಕು. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಯಾವುದೂ ಬೇಡ. ಬಳೆ, ಉಂಗುರ ಕೂಡಲೇ ತೆಗೆಯಬೇಕು. ಬಾವು ಬಂದ ಮೇಲೆ ಬರುವುದಿಲ್ಲ. ಗುಳ್ಳೆ ಒಡೆಯಬಾರದು. ಶುದ್ಧ ಬಟ್ಟೆ ಸಡಿಲವಾಗಿ ಹೊದಿಸಬೇಕು.

ಕಣ್ಣಿಗೆ ಪುಡಿ ಅಥವಾ ಕಾರ್ಬೈಡ್ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಬೇಕು. ಆದರೆ ಕಣ್ಣಿನಲ್ಲಿ ಲೋಹದ ಚೂರು ನಾಟಿದ್ದರೆ ಅದನ್ನು ಕೀಳಬಾರದು, ಒತ್ತಬಾರದು. ಮೇಲೆ ಒಂದು ಕಾಗದದ ಬಟ್ಟಲು ಮುಚ್ಚಿ ಆಸ್ಪತ್ರೆಗೆ ಓಡಬೇಕು. ಆಂಬುಲೆನ್ಸ್‌ಗೆ 108. ಅಗ್ನಿಶಾಮಕಕ್ಕೆ 101. ಈ ಎರಡು ಅಂಕಿಗಳನ್ನು ಇವತ್ತೇ ಮನೆಯ ಗೋಡೆಯ ಮೇಲೆ ಬರೆಯಿರಿ. ನೀವೇ ಬರೆಯಿರಿ.

ಕೊನೆಯ ಮಾತು

ಅಕ್ಕಂದಿರೇ, ಅಣ್ಣಂದಿರೇ, ಪಟಾಕಿ ಡಬ್ಬಿಯ ಮೇಲೆ ಅಕ್ಷರ ಇರುತ್ತದೆ. ಯಾರು ಮಾಡಿದ್ದು, ಹೇಗೆ ಹಚ್ಚಬೇಕು, ಎಷ್ಟು ದೂರ ನಿಲ್ಲಬೇಕು ಎಲ್ಲ ಬರೆದಿರುತ್ತದೆ. ಕನ್ನಡದಲ್ಲಿ ಇರದೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ ಕೇಳ್ರಿ. ಏನೂ ಬರೆದಿಲ್ಲದ ಡಬ್ಬಿ, ಹೆಸರಿಲ್ಲದ ಪೊಟ್ಟಣ ಬೇಡ. ಅಕ್ಷರ ಇಲ್ಲದ ಮದ್ದು ಅಪ್ಪ ಅಮ್ಮ ಇಲ್ಲದ್ದು. ಸಿಡಿದರೆ ಕೇಳುವವರು ಯಾರೂ ಇಲ್ಲ.

ಹಬ್ಬ ಬೇಡ ಅಂತ ನಾನು ಹೇಳುತ್ತಿಲ್ಲ. ಹಣತೆ ಹಚ್ಚೋಣ. ಲೈಸೆನ್ಸ್ ಅಂಗಡಿಯಿಂದ ತಂದ ಸುರುಸುರುಬತ್ತಿಯನ್ನು ಅಂಗಳದಲ್ಲಿ, ಹತ್ತಿರ ಒಂದು ಬಕೆಟ್ ನೀರಿಟ್ಟು, ದೊಡ್ಡವರು ನಿಂತು, ಹತ್ತಿ ಬಟ್ಟೆ ಉಟ್ಟು ಹಚ್ಚೋಣ. ಹತ್ತಿ ಬಣವೆ, ಮೇವಿನ ಬಣವೆ ಹತ್ತಿರ ಬೇಡ. ಟುಸ್ ಅಂದ ಪಟಾಕಿಯ ಹತ್ತಿರ ಮತ್ತೆ ಹೋಗುವುದು ಬೇಡ.

ಈಗ ನೀವು ಗುಂಪಾಗಿ ಕೂತು ಈ ನಾಲ್ಕು ಪ್ರಶ್ನೆಗಳನ್ನು ಮಾತಾಡಿ.

1. ಚಕಮಕಿ ಹೊಡೆದಾಗ ಉರಿಯುವುದು ಕಲ್ಲೋ, ಉಕ್ಕೋ? ಯಾಕೆ?

2. ಹಿತ್ತಾಳೆ ಸುತ್ತಿಗೆ ಏನನ್ನು ತಡೆಯುತ್ತದೆ? ಏನನ್ನು ತಡೆಯುವುದಿಲ್ಲ?

3. ಅಲ್ಯೂಮಿನಿಯಂ ಸುತ್ತಿಗೆ ಎಲ್ಲಿ ಬೇಡ?

4. ನಮ್ಮ ಊರಿನಲ್ಲಿ ಲೇತ್, ವೆಲ್ಡಿಂಗ್ ಅಂಗಡಿ ಎಷ್ಟಿವೆ? ಹಬ್ಬಕ್ಕೆ ಮುಂಚೆ ಅವರ ಹತ್ತಿರ ಹೋಗಿ ಮಾತಾಡುವವರು ಯಾರು?

ನಾಲ್ಕನೆಯ ಪ್ರಶ್ನೆಗೆ ಹೆಸರು ಬರೆದುಕೊಳ್ಳಿ. ನಿಮ್ಮ ಹೆಸರು ಬರೆಯಲಿಕ್ಕೆ ನೀವು ಕಲಿತಿದ್ದೀರಿ. ಅದನ್ನು ಈ ಕೆಲಸಕ್ಕೆ ಬರೆದರೆ ಕಲಿತದ್ದು ಸಾರ್ಥಕ.